ಕ್ಯಾಪ್ಟನ್ ತಾತನ ಹಾಜರಿ ಪುಸ್ತಕ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದವರು ರಾಜಾಜಿನಗರದ ಸುಶೀಲಮ್ಮ. ಅವರ ಮನೆಯಲ್ಲಿ ನನ್ನವ್ವ ಪುಟ್ಟಮ್ಮ ಮೂವತ್ತು ವರ್ಷ ಕಸ ಮುಸುರೆ ಮಾಡಿದಳು. ಮೊನ್ನೆ ಘಟಿಕೋತ್ಸವಕ್ಕೆಂದು ಬಾಡಿಗೆಯ ಕಪ್ಪು ಗೌನು ತೊಟ್ಟೆ. ಅದರಿಂದ ನುಸಿಗುಳಿಗೆಯ ವಾಸನೆ ಬಂತು ನೋಡಿ, ಆ ಮನೆ, ಆ ಕುರ್ಚಿ ಎಲ್ಲ ಒಟ್ಟಿಗೆ ಎದ್ದು ಬಂದವು.

ಕುರ್ಚಿ ಸುಶೀಲಮ್ಮನ ಅಜ್ಜ, ಕ್ಯಾಪ್ಟನ್ ತಾತನದು. ಬ್ರಿಟಿಷರ ಕಾಲದಲ್ಲಿ ಊರವರನ್ನೇ ಸೇರಿಸಿ ಕಟ್ಟಿದ ಕಾವಲು ಪಡೆಗೆ ಕ್ಯಾಪ್ಟನ್ ಆಗಿದ್ದು, ಆಮೇಲೆ ಅಮಲ್ದಾರರಾದವರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಸತ್ತಿದ್ದರು. ಆದರೂ ಅವರ ಖಾಕಿ ಕೋಟು, ಜೇಬಿನ ತುಂಬ ನುಸಿಗುಳಿಗೆ ಇಟ್ಟುಕೊಂಡು, ಆ ಬೆತ್ತದ ಕುರ್ಚಿಯ ಬೆನ್ನಿಗೆ ನೆಟ್ಟಗೆ ನಿಂತಿರುತ್ತಿತ್ತು.

ಕವಾಯತಿನ ಅಭ್ಯಾಸವನ್ನು ಅವರು ಮನೆಗೂ ತಂದಿದ್ದರಂತೆ. ಬೆಳಗ್ಗೆ ಏಳಕ್ಕೆ ಹೆಂಡತಿ ಮಕ್ಕಳು ಸಾಲಾಗಿ ನಿಲ್ಲಬೇಕು. ಹೆಸರು ಕೂಗಿದಾಗ "ಹಾಜರ್" ಎನ್ನಬೇಕು. ತಪ್ಪಿದವರಿಗೆ ಅವತ್ತು ಊಟವಿಲ್ಲ. ಒಬ್ಬ ಮಗಳು ಜ್ವರದಲ್ಲಿ ತೀರಿಕೊಂಡ ಬೆಳಗ್ಗೆಯೂ ಅವಳ ಹೆಸರು ಕೂಗಿ, ಒಂದು ಗಳಿಗೆ ಕಾದು, ಹಾಜರಿ ಪುಸ್ತಕದಲ್ಲಿ ಹಾಜರೆಂದೇ ಗುರುತು ಹಾಕಿದರಂತೆ. ಅಂದಿನಿಂದ ಆ ಮನೆಯಲ್ಲಿ ಸತ್ತವರ ಹೆಸರು ಹೊಡೆದುಹಾಕುವ ಪದ್ಧತಿಯೇ ಇಲ್ಲ.

ಎಲ್ಲರೂ ಹೋಗಿ ಸುಶೀಲಮ್ಮ ಒಬ್ಬರೇ ಉಳಿದರೂ ಹಾಜರಿ ನಿಲ್ಲಲಿಲ್ಲ. ಕುರ್ಚಿಯ ಎದುರು ನಿಂತು ಒಂದೊಂದೇ ಹೆಸರು ಕೂಗುವರು, ಕತ್ತು ಓರೆ ಮಾಡಿ ಕೇಳಿಸಿಕೊಳ್ಳುವರು, ಪೆನ್ಸಿಲ್ಲಿನಲ್ಲಿ ಗೀಟು ಎಳೆಯುವರು. ನೀವು ನಗಬಹುದು. ರಜೆಯಲ್ಲಿ ಅವ್ವನ ಜೊತೆ ಹೋಗುತ್ತಿದ್ದ ನನಗೂ ಮೊದಮೊದಲು ನಗುವೇ ಬರುತ್ತಿತ್ತು. ಆದರೆ ಪ್ರತಿ ಹೆಸರಿಗೂ ಖಾಲಿ ಕುರ್ಚಿ ಕಿರ್ರೆನ್ನುತ್ತಿತ್ತು. "ಹಳೇ ಬೆತ್ತ, ಬಿಸಿಲಿಗೆ ಹಂಗಂತದೆ" ಎನ್ನುತ್ತಿದ್ದಳು ಅವ್ವ. ಆ ಕೋಣೆಗೆ ಬಿಸಿಲೇ ಬೀಳುತ್ತಿರಲಿಲ್ಲ.

ಐದನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ, ಸತ್ತವರದೆಲ್ಲ ಮುಗಿದ ಮೇಲೆ, ಸುಶೀಲಮ್ಮ "ಪುಟ್ಟಮ್ಮ" ಎಂದು ಕೂಗಿದರು.

"ಹಾಜರ್ ಅಮ್ಮಾವ್ರೇ" ಎಂದಳು ಅವ್ವ, ನೆಲ ಒರೆಸುತ್ತಲೇ. ಯಾವತ್ತೂ ಅರ್ಧಕ್ಕೇ ಹೊರಗೆ ಓಡುತ್ತಿದ್ದ ನನಗೆ ಅವಳ ಹೆಸರೂ ಆ ಪುಸ್ತಕದಲ್ಲಿದೆಯೆಂದು ಗೊತ್ತಾದದ್ದು ಆಗಲೇ. ಅದರ ಕೆಳಗೆ, ಹೊಸದಾಗಿ ಬರೆದದ್ದು, ನನ್ನದು. ಕೂಗಿಯೇಬಿಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಒದ್ದೆ ಕೈ ನನ್ನ ಬಾಯಿ ಮುಚ್ಚಿತು.

"ಅವ್ಳು ಇಲ್ಲಿಲ್ಲ ಅಮ್ಮಾವ್ರೇ. ಸ್ಕೂಲಿಗ್ ಹೋಗವ್ಳೆ."

"ಎದುರಿಗೇ ನಿಂತಿದಾಳಲ್ಲೇ!"

"ಇಲ್ಲ ಅಮ್ಮಾವ್ರೇ. ಹೋಗವ್ಳೆ."

ಸುಶೀಲಮ್ಮ ನಕ್ಕರು. "ಇದರಲ್ಲಿ ಹೆಸರು ಹತ್ತಿದೋರು ಯಾರೂ ಈ ಮನೆ ಬಿಟ್ಟು ಹೋಗಿಲ್ಲ ಕಣೇ. ನಿನ್ನ ಮಗಳು ಓದಿ ಡಿಗ್ರಿ ಮಾಡ್ತಾಳಾ? ಆಗೋ ಮಾತಲ್ಲ."

ಯಾರ ಹೆಸರೂ ಕೂಗಿರಲಿಲ್ಲ. ಆದರೂ ಕುರ್ಚಿ ಕಿರ್ರೆಂದಿತು.

ಮತ್ತೆಂದೂ ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಹಗಲು ಗಾರ್ಮೆಂಟ್ಸಿನಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋದೆ. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ತಪ್ಪನ್ನು ಆ ಪುಸ್ತಕದ ಮೇಲೇ ಹೊರಿಸಿದೆ, ನನ್ನ ದಡ್ಡತನವನ್ನು ಒಪ್ಪಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು. ಈ ನಡುವೆ ಸುಶೀಲಮ್ಮ ತೀರಿಕೊಂಡರು. ಬೀಗ ಹಾಕಿದ ಮನೆಯನ್ನು ಅವ್ವ ಶನಿವಾರ ಶನಿವಾರ ಹೋಗಿ ಗುಡಿಸಿ ಬರುತ್ತಾಳೆ. ಬಾಗಿಲು ತೆಗೆದ ಕೂಡಲೇ "ಹಾಜರ್" ಅನ್ನುತ್ತಾಳಂತೆ. ಯಾರಿಗೆ ಅಂತ ಕೇಳಿದರೆ, "ಕೇಳೋರು ಅಲ್ಲೇ ಅವ್ರೆ ಕಣೆ" ಎಂದಳು.

ಮೊನ್ನೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೆನ್ನ ಹಿಂದೆಯೇ ಬೆತ್ತ ಕಿರ್ರೆಂದಿತು. ನಮಗೆ ಹಾಕಿದ್ದವೆಲ್ಲ ಪ್ಲಾಸ್ಟಿಕ್ ಕುರ್ಚಿಗಳು. "ಹಾಜರ್" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ, ತಿರುಗಿ ನೋಡದೆ ವೇದಿಕೆ ಹತ್ತಿದೆ.

ಸುಂಕದಕಟ್ಟೆಯ ನಮ್ಮ ಮನೆಗೆ ಬಂದು ಸರ್ಟಿಫಿಕೇಟನ್ನು ಅವ್ವನ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಅವಳಿಗೆ ಓದು ಬಾರದು. "ನಿನ್ನೆಸ್ರು ಎಲ್ಲೈತೆ?" ಅವಳ ಬೆರಳು ಹಿಡಿದು ಹೆಸರಿನ ಮೇಲೆ ಇಟ್ಟೆ. ಬಹಳ ಹೊತ್ತು ಸವರಿದಳು. ಆಮೇಲೆ, ಒಳಕೋಣೆಯಲ್ಲಿ ಯಾರೋ ಇದ್ದಾರೆ ಎಂಬಂತೆ ದನಿ ತಗ್ಗಿಸಿ ಕೇಳಿದಳು:

"ಇದು ಆ ಪುಸ್ತಕದ ಹಾಳೆ ಅಲ್ಲ ತಾನೇ?"

"ಅಲ್ಲ ಕಣವ್ವ."

"ಹಂಗಾರೆ ಈ ಶನಿವಾರದಿಂದ ನಾನೂ ಹೋಗಕಿಲ್ಲ. ಕೂಗಿದ್ರೆ ಕೂಗ್ಕೊಳ್ಳಲಿ."