ಲಸ್ಸಿ ಗ್ಲಾಸಿನ ನೀರು

ಎಪ್ಪತ್ತರ ದಶಕದ ಮಾತು. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಕಲಿಕಾ ಸಿದ್ಧಾಂತವೊಂದನ್ನು ತರಗತಿಯಲ್ಲಿ ಮಾಡಿ ತೋರಿಸಬೇಕಿತ್ತು. ಠಾಣೆಯಿಂದ ಬಂದ ತರಬೇತಿಯ ಸರ್, ವಿಜಾಪುರದ ಕಡೆಯವರು, ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪಾಠ ಅವರಿಗೆ ಒಪ್ಪಿಗೆಯಾದರೆ ನನ್ನ ಕೆಲಸ ಗಟ್ಟಿ.

ಸಣ್ಣ ಮಕ್ಕಳಿಗೆ ಎತ್ತರದ ಪಾತ್ರೆಯ ನೀರೇ ಹೆಚ್ಚು ಅನ್ನಿಸುತ್ತದೆ ಅನ್ನುವುದು ಆ ಸಿದ್ಧಾಂತ. ಎರಡನೇ ಇಯತ್ತೆಯ ಶಾಂಭವಿಯನ್ನು ಕರೆದೆ. ಗ್ಲಾಸುಗಳು ಅವಳ ಅಪ್ಪನ ಉಡುಪಿ ಹೋಟೆಲಿನವೇ. ಒಂದೇ ಅಳತೆಯ ಎರಡು ಗ್ಲಾಸುಗಳಿಗೆ ಸಮನಾಗಿ ನೀರು ಹಾಕಿ, "ಯಾವುದರಲ್ಲಿ ಹೆಚ್ಚಿದೆ?" ಅಂದೆ.

"ಎರಡೂ ಒಂದೇ ಟೀಚರ್."

ಅವಳೆದುರೇ ಒಂದರ ನೀರನ್ನು ಎತ್ತರದ ಲಸ್ಸಿ ಗ್ಲಾಸಿಗೆ ಸುರಿದು ಅದೇ ಪ್ರಶ್ನೆ ಕೇಳಿದೆ. ಹುಡುಗಿ ನನ್ನ ಮುಖ ನೋಡಿ, "ಲಸ್ಸಿ ಗ್ಲಾಸಿನಲ್ಲಿ" ಅಂದಳು. ಸರ್ ಖುಷಿಯಿಂದ ತಲೆಯಾಡಿಸಿದರು.

ಅಲ್ಲಿಗೆ ಬಿಡಬೇಕಿತ್ತು. "ಯಾಕೆ ಹೆಚ್ಚು?" ಅಂತ ಕೇಳಿದೆ.

"ಹೆಚ್ಚೇನಿಲ್ಲ ಟೀಚರ್, ನೀರು ಅಷ್ಟೇ ಉಂಟು. ಉತ್ತರ ಸರಿ ಇದ್ರೆ ನೀವು ಕೂತ್ಕೋ ಅಂತೀರಿ. ತಪ್ಪಿದ್ರೆ ಅಲ್ವಾ ಮತ್ತೆ ಕೇಳೋದು? ಅದಕ್ಕೆ ಬದಲಿಸಿದೆ."

ನನ್ನ ತರಗತಿಯ ರೂಢಿ ಅದೇ. ಕೂತ್ಕೋ ಅಂದೆ.

ಪಾಠ ಮುಗಿದ ಮೇಲೆ ಸರ್ ವರಾಂಡಾದಲ್ಲಿ ನನ್ನನ್ನು ನಿಲ್ಲಿಸಿದರು. "ಹಂಗಾರ ಸಿದ್ಧಾಂತ ಖರೇ ಐತೇನ್ರಿ ಅಕ್ಕಾರ?"

"ಹೌದ್ರಿ ಸರ್" ಅಂದೆ.

ಅವರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಅದನ್ನೇ ಕೇಳಿದರು. "ಖರೇ ಐತೇನ್ರಿ?"

"ಇಲ್ರಿ ಸರ್."

ಮುಂದೆ ನೌಕರಿಯೇನೋ ಕಾಯಂ ಆಯಿತು. ಯಾವ ಉತ್ತರಕ್ಕೆ ಅಂತ ನಾನು ಕೇಳಲು ಹೋಗಲಿಲ್ಲ.