ಕನ್ನಡಕದವನ ಕೈ
ಊರಿಗೆಲ್ಲ ಕಣ್ಣು ಕೊಡುವ ಕನ್ನಡಕದಂಗಡಿಯವನು ಮನೆಗೆ ಬಂದೊಡನೆ ತನ್ನ ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟುಬಿಡುತ್ತಾನೆ. ಆಮೇಲೆ ಹೆಂಡತಿ ಹೊಸ ಬಟ್ಟೆ ತೊಟ್ಟರೂ ಒಂದೇ, ಗೋಣಿಚೀಲ ಸುತ್ತಿಕೊಂಡರೂ ಒಂದೇ. ಊಟದ ಡಬ್ಬಿ ಹಿಡಿದು ಅಂಗಡಿಗೆ ಹೋದಾಗಲೆಲ್ಲ ಅವಳ ಹೊಟ್ಟೆ ಧಗಧಗ ಉರಿಯುತ್ತದೆ. ಬ್ಯಾಂಕಿನ ಹೆಂಗಸಿರಲಿ, ಹಲ್ಲಿಲ್ಲದ ಮುದುಕಿಯಿರಲಿ, ಎಲ್ಲರಿಗೂ ಅದೇ ಉಪಚಾರ. "ದುಬಾರಿ ಫ್ರೇಮು ಯಾಕಮ್ಮಾ? ಇಂಥಾ ಮೂಗಿಗೆ ಅಗ್ಗದ್ದೇ ಚೆಂದ" ಎನ್ನುತ್ತಾನೆ. "ಹಿಂದೆ ಕನ್ನಡಕಕ್ಕೆ ಕಡ್ಡೀನೇ ಇರ್ಲಿಲ್ಲ, ಪಾಪ, ಕೈಯಲ್ಲಿ ಹಿಡ್ಕೊಂಡೇ ಓದ್ತಿದ್ರು" ಎಂದು ಕಣ್ಣಾರೆ ಕಂಡು ಬಂದವನಂತೆ ಮರುಗುತ್ತಾನೆ. ಮುಖಕ್ಕೆ ಮುಖ ತಂದು ಕನ್ನಡಕ ಇಡುತ್ತಾನೆ, ಕಿವಿಯ ಹಿಂದೆ ಬೆರಳಾಡಿಸುತ್ತಾನೆ, ತೆಗೆದು ಕಡ್ಡಿ ಬಗ್ಗಿಸುತ್ತಾನೆ, ಮತ್ತೆ ಇಡುತ್ತಾನೆ. ನಾಲ್ಕು ಸಲ ತೆಗೆದು ಹಾಕದೆ ಯಾರ ಕಿವಿಗೂ ಕಡ್ಡಿ ಸರಿಯಾಗಿ ಕೂರುವುದಿಲ್ಲ. ಮುದುಕಿಯ ಮೂಗಿಗಿರುವ ಭಾಗ್ಯ ತನ್ನ ಮೂಗಿಗಿಲ್ಲವಲ್ಲ ಎಂದು ಕುದಿದು, ಒಂದು ಮಧ್ಯಾಹ್ನ ಅವಳೇ ಗಿರಾಕಿಗಳ ಕುರ್ಚಿಯಲ್ಲಿ ಕೂತುಬಿಟ್ಟಳು. "ನಂಗೂ ಅಕ್ಷರ ಮಂಜು ಮಂಜು. ನನ್ನ ಕಿವೀನೂ ಸ್ವಲ್ಪ ನೋಡ್ರೀ!" ಅವನು ತಲೆಯೆತ್ತಲೂ ಇಲ್ಲ. ಒಂದು ಫ್ರೇಮು ಹುಡುಕಿ, ಬಿಸಿ ಮಾಡಿ, ಎಡಗಡೆಯ ಕಡ್ಡಿಯನ್ನು ಮಾತ್ರ ಚೂರು ಬಗ್ಗಿಸಿ ತಂದು ಇಟ್ಟ. ಅದು ಮೊದಲನೇ ಸಲಕ್ಕೇ ಅವಳ ಜೊತೆ ಹುಟ್ಟಿದ್ದರ ಹಾಗೆ ಕೂತಿತು. "ಅಳತೆ ತಗೊಳ್ಳಲ್ವಾ?" ಎಂದಳು, ಇನ್ನೂ ಮುನಿಸಿನಲ್ಲೇ. "ಯಾಕೆ? ನಿನ್ನ ಎಡಗಿವಿ ಕೂದಲೆಳೆಯಷ್ಟು ಕೆಳಗಿದೆ" ಎಂದ ಅವನು, ಡಬ್ಬಿಯ ಮುಚ್ಚಳ ತೆಗೆಯುತ್ತಾ. "ಮದುವೆ ದಿನಾನೂ ಹಾಗೇ ಇತ್ತು."