ದುರ್ಬೀನು ಮಾರಿದ ಮೇಲೆ

ಗೋಡೆಯ ಮೇಲಿಂದ ಮೂರು ಕಾಡುಹಂದಿಯ ತಲೆಗಳು ಹಲ್ಲು ಕಿರಿದುಕೊಂಡು ನನ್ನನ್ನೇ ನೋಡುತ್ತಿದ್ದವು. ಅವುಗಳ ಕೆಳಗೆ ನನ್ನ ಹೊಸ ನೌಕರಿಯ ಸ್ಟೂಲು. ಮೊಟ್ಟೆಯನ್ನೂ ಹೊಸ್ತಿಲ ಒಳಗೆ ತರದ ಮನೆಯಲ್ಲಿ ಹುಟ್ಟಿದವಳು ನಾನು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೇಟೆ ಸಾಮಾನಿನ ಅಂಗಡಿಯಲ್ಲಿ ಕೂತಿದ್ದೆ. ದೊಡವಾಡದಲ್ಲಿರುವ ನಮ್ಮವ್ವ ಇದನ್ನು ಕಂಡಿದ್ದರೆ ಮೊದಲು ಅಂಗಡಿಗೆ ನೀರು ಹೊಡೆದು ಸಾರಿಸಿ, ಆಮೇಲೆ ನನ್ನನ್ನು ಬೈಯುತ್ತಿದ್ದಳು.

ನಮ್ಮ ಮನೆಯವರು ಊರ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದರು. ಎರಡು ಸಾವಿರದ ಎಂಟು ಒಂಬತ್ತರ ಸುಮಾರಿಗೆ ಆಸ್ಟ್ರೇಲಿಯಾದ ಉತ್ತರದ ತುದಿಯ ಒಂದು ಕಾರ್ಖಾನೆ ಅವರನ್ನು ಕರೆಯಿತು. ಕಬ್ಬು ಅದೇ, ಚಿಮಣಿಯ ಹೊಗೆ ಅದೇ, ಕಾಕಂಬಿಯ ವಾಸನೆಯೂ ಅದೇ. ಊರೇ ಬೆನ್ನ ಹಿಂದೆ ಬಂದಿದೆ ಎಂದು ಮೊದಲ ವಾರ ಖುಷಿಪಟ್ಟೆ. ಎರಡನೆಯ ವಾರ ಗೊತ್ತಾಯಿತು, ಬಂದದ್ದು ವಾಸನೆ ಮಾತ್ರ. ಅಲ್ಲಿಯ ಜನ ಒಳ್ಳೆಯವರು, ಎದುರಾದವರೆಲ್ಲ ‘ಹೇಗಿದ್ದೀಯ’ ಎನ್ನುತ್ತಾರೆ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಹತ್ತು ಮಾರು ಮುಂದೆ ಹೋಗಿರುತ್ತಾರೆ. ಬೈಲಹೊಂಗಲದ ಪೇಟೆಯಲ್ಲಿ ‘ಆರಾಮ ಅದೀರೇನ್ರಿ?’ ಎಂದು ಕೇಳಿದವರು ಕಾಲು ನೋಯುವವರೆಗೆ ಬಿಡುವುದಿಲ್ಲ. ಆಗ ಬೇಸರವಾಗುತ್ತಿತ್ತು. ಈಗ ಆ ಕಾಲು ನೋವಿಗಾಗಿ ಜೀವ ಹಂಬಲಿಸುತ್ತಿತ್ತು.

ನಮಗೆ ಸಿಕ್ಕ ಬಾಡಿಗೆ ಮನೆ ಕಂಬಗಳ ಮೇಲೆ ನಿಂತಿತ್ತು, ಊರ ಕಡೆ ಹೊಲದಲ್ಲಿ ಕಟ್ಟುವ ಅಟ್ಟದ ಹಾಗೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿ, ಅದರಾಚೆ ಕಬ್ಬು. ನಮ್ಮ ಮನೆಯವರದು ಹೆಚ್ಚಾಗಿ ರಾತ್ರಿ ಪಾಳಿ. ಅವರು ಮಲಗಿದಾಗ ನಾನು ಸದ್ದು ಮಾಡಬಾರದು, ಎದ್ದಾಗ ಅವರಿಗೆ ಹೊತ್ತಿಲ್ಲ. ಅಲ್ಲಿ ಜೋಳವನ್ನು ಕೋಳಿಗೆ ಹಾಕುತ್ತಾರೆ. ಅದನ್ನೇ ಒಂದು ಚೀಲ ತಂದು, ಹಸನು ಮಾಡಿ, ಮಿಕ್ಸಿಯಲ್ಲಿ ಬೀಸಿ ರೊಟ್ಟಿ ಬಡಿದೆ. ಅಂಚು ಹರಿದ ಮೊದಲ ರೊಟ್ಟಿಯನ್ನು ಅವರು ಕಣ್ಣಿಗೊತ್ತಿಕೊಂಡು, “ಕೋಳಿ ಪಾಲಿಂದು ಕಸಗೊಂಡು ತಿನ್ನಾಕ ಹತ್ತೇವಿ ನೋಡು” ಎಂದರು. ಆ ಮನೆಯಲ್ಲಿ ನಾವಿಬ್ಬರೂ ಜೋರಾಗಿ ನಕ್ಕದ್ದು ಅಂದೇ ಮೊದಲು.

ಒಬ್ಬಳೇ ಕೂತು ಹುಚ್ಚು ಹಿಡಿದೀತೆಂದು ಕೆಲಸ ಹುಡುಕಿದೆ. ಸಿಕ್ಕಿದ್ದು ಗ್ಲೆನ್ ಎಂಬವನ ಈ ಅಂಗಡಿ. ಬಂದೂಕು ಮಾರಲು ಪರವಾನಗಿ ಬೇಕು, ಹಾಗಾಗಿ ಅದು ಅವನ ಕೆಲಸ. ಬೂಟು, ಬ್ಯಾಟರಿ, ಬಂದೂಕಿನ ಮೇಲೆ ಕೂರಿಸುವ ದುರ್ಬೀನು ನನ್ನ ಪಾಲಿಗೆ. ಆ ಸೀಮೆಯಲ್ಲಿ ಹಂದಿಗಳು ರಾತ್ರೋರಾತ್ರಿ ಕಬ್ಬು ಮುರಿದು ಹಾಕುತ್ತವೆ. ಅವನ್ನು ಕತ್ತಲಲ್ಲಿ ಹೊಡೆಯಲು ಮೂರು ಬಗೆಯ ದುರ್ಬೀನುಗಳಿದ್ದವು. ಮೊದಲನೆಯದು ಚುಕ್ಕಿಗಳ ಬೆಳಕನ್ನೇ ಹೆಚ್ಚಿಸಿ ಎಲ್ಲವನ್ನೂ ಹಸಿರಾಗಿ ತೋರಿಸುತ್ತದೆ. ಅಗ್ಗ, ಆದರೆ ಕಬ್ಬಿನ ಗರಿಯ ಮರೆಯಲ್ಲಿ ನಿಂತ ಹಂದಿ ಅದಕ್ಕೆ ಸಿಗುವುದಿಲ್ಲ. ಇನ್ನೆರಡಕ್ಕೆ ಬೆಳಕೇ ಬೇಡ. ಅವು ಮೈಯ ಬಿಸಿಯನ್ನು ಕಾಣುತ್ತವೆ. ಹಂದಿ ಬೆಳ್ಳಗೆ, ಉಳಿದ ಲೋಕ ಕಪ್ಪಗೆ. ನಡುವಿನದರ ಚಿತ್ರ ಒಂದಿಷ್ಟು ಕಾಳುಕಾಳು, ಹಂದಿ ಓಡಿದರೆ ಚಿತ್ರ ತಡವರಿಸುತ್ತದೆ, ಬೆಲೆ ನಮ್ಮ ರೂಪಾಯಿಯಲ್ಲಿ ಎರಡು ಲಕ್ಷದ ಮೇಲೆ. ದೊಡ್ಡದು ಇನ್ನೂ ದೂರ, ಇನ್ನೂ ನುಣುಪಾಗಿ ತೋರಿಸುತ್ತದೆ, ಬೆಲೆ ಅದರ ಎರಡು ಪಟ್ಟು, ಬ್ಯಾಟರಿಯನ್ನೂ ಬೇಗ ಕುಡಿಯುತ್ತದೆ.

ಅಂಗಡಿ ಖಾಲಿ ಇದ್ದಾಗ ಒಮ್ಮೆ ದೊಡ್ಡದನ್ನು ಕೈಯಲ್ಲಿ ಹಿಡಿದು ಬಾಗಿಲಿನ ಗಾಜಿನತ್ತ ನೋಡಿದೆ. ರಸ್ತೆ ಕಾಣಲಿಲ್ಲ. ಮೈಯ ಬಿಸಿ ಗಾಜನ್ನು ದಾಟುವುದಿಲ್ಲವಂತೆ. ಗಾಜಿನಲ್ಲಿ ಮಸುಕಾಗಿ ಕಂಡದ್ದು ಒಂದೇ ಆಕೃತಿ, ನನ್ನದೇ. ಅಷ್ಟು ದುಡ್ಡು ಕೊಟ್ಟು ಇದನ್ನು ನೋಡಬೇಕೇ ಎಂದು ಸಿಟ್ಟು ಬಂತು.

ಲೆಸ್ ಬಂದದ್ದು ಆ ವಾರವೇ. ಎಪ್ಪತ್ತು ದಾಟಿದ ರೈತ, ಹೆಂಡತಿ ತೀರಿಹೋಗಿದ್ದಳು. ನಮ್ಮ ಹಿತ್ತಲ ತಂತಿಯ ಆಚೆಗಿನ ಕಬ್ಬು ಅವನದೇ ಎಂದು ಮಾತಿನಲ್ಲಿ ತಿಳಿಯಿತು. ನನಗೆ ವ್ಯಾಪಾರ ಎಂದರೆ ಗೊತ್ತಿದ್ದದ್ದು ಬೈಲಹೊಂಗಲದ ಸೀರೆ ಅಂಗಡಿ. ಅಲ್ಲಿ ಬಂದವರನ್ನು ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ಮನೆಮಂದಿಯನ್ನೆಲ್ಲ ವಿಚಾರಿಸಿಕೊಂಡ ಮೇಲೆ ಗಂಟು ಬಿಚ್ಚುತ್ತಾರೆ. ಏನು ಬೇಕು ಎಂದು ಬಂದೊಡನೆ ಕೇಳಿದರೆ ಅದು ಅವಮಾನ. ನಾನೂ ಲೆಸ್‌ಗೆ ಸ್ಟೂಲು ಕೊಟ್ಟೆ, ಮಕ್ಕಳನ್ನು ವಿಚಾರಿಸಿದೆ, ಕೊನೆಗೆ ಮೂರೂ ದುರ್ಬೀನು ಹರವಿದೆ. ಅವನು ಯಾವುದನ್ನೂ ಕೊಳ್ಳದೆ ಎದ್ದ, ಮುಂದಿನ ಗುರುವಾರ ಮತ್ತೆ ಬಂದ.

ಅಲ್ಲಿಂದ ಪ್ರತಿ ಗುರುವಾರ ಹಾಗೆಯೇ. ಸ್ಮೋಕೋ ಹೊತ್ತಿಗೆ, ಎಂದರೆ ಅವರ ಹತ್ತು ಗಂಟೆಯ ಚಹಾ ಬಿಡುವಿಗೆ, ಅವನ ಹಳೆಯ ಗಾಡಿ ಬಾಗಿಲಿಗೆ ಬರುತ್ತಿತ್ತು. ಅವನು ಕೊಂಡುಬಿಟ್ಟರೆ ಬರುವುದಿಲ್ಲ ಎಂಬ ಭಯ ನನಗೆ ಎರಡನೆಯ ಗುರುವಾರವೇ ಹೊಕ್ಕಿತು. ಆ ಊರಿನಲ್ಲಿ ನನ್ನ ಮಾತು ಮುಗಿಯುವವರೆಗೆ ನಿಂತವನು ಅವನೊಬ್ಬನೇ. ಹಾಗಾಗಿ ಒಂದು ವಾರ ದುರ್ಬೀನಿನ ತೂಕದ ಮಾತು ತೆಗೆದೆ, ಇನ್ನೊಂದು ವಾರ ಮಳೆಯಲ್ಲಿ ತಾಳುವ ಮಾತು. ಮತ್ತೊಮ್ಮೆ ಬೆಲೆ ಇಳಿದರೂ ಇಳಿದೀತು, ಕಾಯಿರಿ ಎಂದೆ. ಮಾರುವವಳೇ ಬೇಡ ಎನ್ನುವ ಅಂಗಡಿ ಅದೊಂದೇ ಇರಬೇಕು.

ನಿಮ್ಮೂರಲ್ಲಿ ಹಂದಿಗೆ ಏನು ಮಾಡುತ್ತೀರಿ ಎಂದು ಅವನು ಕೇಳಿದ. ಕೂಗುತ್ತೇವೆ ಎಂದೆ. ಗೋವಿನಜೋಳ ಕಾಯುವಾಗ ನಮ್ಮಪ್ಪ ಅಟ್ಟದಿಂದ ‘ಹೋಯ್’ ಎನ್ನುತ್ತಿದ್ದ. ಪಕ್ಕದ ಹೊಲದವರು ಓಗೊಡುತ್ತಿದ್ದರು, ಅವರಿಗೆ ಅದರಾಚೆಯವರು. ಓಗೊಡದಿದ್ದರೆ ಯಾರಾದರೂ ಕಂದೀಲು ಹಿಡಿದು ನೋಡಿಬರುತ್ತಿದ್ದರು.

“ನಮ್ಮಲ್ಲೂ ಇತ್ತು. ಕೂಯೀ,” ಎಂದ ಲೆಸ್. “ಈ ನೆಲದ ಮೂಲದ ಜನರಿಂದ ಕಲಿತದ್ದು. ಕಾಡಿನಲ್ಲಿ ಒಬ್ಬರು ಕೂಗಿದರೆ ಇನ್ನೊಬ್ಬರು ಮರಳಿ ಕೂಗಬೇಕು. ನನ್ನ ಹೆಂಡತಿ ಊಟಕ್ಕೆ ಹಾಗೇ ಕರೆಯುತ್ತಿದ್ದಳು.”

ತಿಂಗಳ ಕೊನೆಗೆ ಗ್ಲೆನ್ ನನ್ನನ್ನು ಕರೆದ. ಬಿಸಿ ಕಾಣುವ ಆ ಎರಡು ದುರ್ಬೀನುಗಳು ಮಾರಾಟವಾಗದಿದ್ದರೆ ಮರಳಿಸುವ ಕರಾರಿನ ಮೇಲೆ ಬಂದಿದ್ದವು. ಒಂದಾದರೂ ಮಾರದಿದ್ದರೆ ಈ ಮೂಲೆಗೆ ಪ್ರತ್ಯೇಕ ಆಳು ಇಡಲಾಗದು ಎಂದ. ಮಾರಿದರೆ ಲೆಸ್ ಇಲ್ಲ, ಮಾರದಿದ್ದರೆ ಸ್ಟೂಲೂ ಇಲ್ಲ. ಆ ರಾತ್ರಿ ಮನೆಯವರು ಇದನ್ನು ಕೇಳಿ, “ಮಾರಿಬಿಡು ಮಾರಾಯ್ತಿ, ಮುದುಕಾ ಎಲ್ಲಿ ಹೋಗ್ತಾನ, ಹಿತ್ತಲದಾಗ ಅದಾನ” ಎಂದರು. ಅವರಿಗೆ ಹೇಳುವುದು ಸುಲಭ.

ಗುರುವಾರ ಲೆಸ್‌ಗೆ ಇದ್ದದ್ದನ್ನೇ ಹೇಳಿದೆ. “ನಡುವಿನದೇ ಸಾಕು. ನಿಮ್ಮ ಹೊಲದ ತುದಿ ಅದಕ್ಕೆ ಕಾಣುತ್ತದೆ. ಹೊಲದಾಚೆ ನೋಡುವುದಕ್ಕೆ ಯಾಕೆ ಇನ್ನೊಂದು ಪಟ್ಟು ದುಡ್ಡು?” ಅವನು ನನ್ನ ಮುಖವನ್ನೇ ನೋಡಿ, “ಇಷ್ಟು ಬೇಗ ಹೇಳಿಬಿಟ್ಟೆಯಾ?” ಎಂದ. ನಡುವಿನದನ್ನು ಕಟ್ಟಿಸಿಕೊಂಡು ಹೋದ. ಗ್ಲೆನ್ ನನ್ನ ಕೈಕುಲುಕಿದ. ಮುಂದಿನ ಗುರುವಾರ ಸ್ಟೂಲು ಖಾಲಿ. ಅದರ ಮುಂದಿನದೂ. ರಾತ್ರಿಯೆಲ್ಲ ಹಂದಿ ಕಾದವನು ಹಗಲು ಮಲಗಿರುತ್ತಾನೆ ಎಂದು ಗೊತ್ತಿತ್ತು, ಆದರೂ ಅಳು ಬರುತ್ತಿತ್ತು.

ಒಂದು ಸಂಜೆ ಬಟ್ಟೆ ತೆಗೆಯುತ್ತಿದ್ದೆ. ಕಬ್ಬಿನ ಆಚೆಯಿಂದ ‘ಕೂ...ಯೀ’ ಎಂದು ಬಂತು. ಕೈಯಲ್ಲಿನ ಬಟ್ಟೆ ಕೆಳಗೆ ಬಿತ್ತು. ನನಗರಿವಿಲ್ಲದೆ, ನಮ್ಮಪ್ಪನ ಹಾಗೆಯೇ, ‘ಹೋ...ಯ್’ ಎಂದು ಓಗೊಟ್ಟೆ. ಮರುದಿನ ಬೇಲಿಯ ಬಳಿ ಸಿಕ್ಕ ಲೆಸ್ ಕಾರಣ ಹೇಳಿದ. ಬಂದೂಕಿಗೆ ಗುಂಡು ಹಾಕುವ ಮೊದಲು ಮನುಷ್ಯರು ಎಲ್ಲೆಲ್ಲಿದ್ದಾರೆ ಎಂದು ತಿಳಿದಿರಬೇಕಂತೆ. ನಾನೂ ಹೌದು ಹೌದು ಎಂದೆ. ಅಂದಿನಿಂದ ಕತ್ತಲಾಗುವ ಮುಂಚೆ ದಿನವೂ ಒಂದು ಕೂಗು, ಒಂದು ಓಗೊಡುವಿಕೆ.

ಕಾರ್ಖಾನೆಯ ಹಂಗಾಮು ಮುಗಿದ ಮೇಲೆ, ವರ್ಷದಿಂದ ಹಂಬಲಿಸಿದ ಊರಿಗೆ ಒಬ್ಬಳೇ ಬಂದೆ. ಲೆಸ್ ಕೂಗಿದರೆ ಓಗೊಡ್ರಿ ಎಂದು ಮನೆಯವರಿಗೆ ಹೇಳಿ ಬಂದಿದ್ದೆ. ದೊಡವಾಡದಲ್ಲಿ ಸೀತನಿಯ ಕಾಲ. ಜೋಳದ ಹಸಿ ತೆನೆ ಸುಟ್ಟು ತಿನ್ನುವ ಆಸೆಯಿಂದ ತಮ್ಮ ಈರಣ್ಣನ ಜೊತೆ ಹೊಲಕ್ಕೆ ಹೋದೆ. ಹೊತ್ತು ಮುಳುಗುತ್ತಿತ್ತು. ಬದುವಿನ ಮೇಲೆ ನಿಂತು ‘ಹೋ...ಯ್’ ಎಂದೆ. ಯಾವ ಹೊಲದಿಂದಲೂ ಸದ್ದಿಲ್ಲ.

“ಈಗ ಯಾರ ಕೂಗ್ತಾರಕ್ಕಾ?” ಈರಣ್ಣ ನಕ್ಕ. “ಹಂದಿ ಬಂದ್ರ ಮಿಸ್ಡ್ ಕಾಲ್ ಕೊಡ್ತಾರ.” ಅಷ್ಟರಲ್ಲೇ ಅವನ ಮೊಬೈಲು ಒಮ್ಮೆ ಗುಂಯ್‌ಗುಟ್ಟಿ ನಿಂತಿತು. “ನೋಡು, ಬಾಜೂಕಿನ ಹೊಲದಾಂವ. ಒದರಿದ್ದು ಯಾರಂತ ಹೆದರ್‍ಯಾನ.”

ಅದೇ ಮೊಬೈಲು ಇಸಿದುಕೊಂಡು ಮನೆಯವರಿಗೆ ಹಚ್ಚಿದೆ. ಅಲ್ಲಿ ಆಗಲೇ ರಾತ್ರಿಯಾಗಿತ್ತು. “ಇವತ್ತ ಕೂಗಿದ್ನೇನ್ರಿ?” ಎಂದು ಕೇಳಿದೆ.

“ಕೂಗಿದಾ. ನಾ ಓಗೊಟ್ಟೆ,” ಎಂದರು. “ಮತ್ತ ಕೂಗಿದಾ. ಮತ್ತ ಓಗೊಟ್ಟೆ. ಆದ್ರೂ ಸುಮ್ನಾಗ್ಲಿಲ್ಲ. ಕಡೀಕ ಬ್ಯಾಟ್ರಿ ಹಿಡ್ಕೊಂಡು ಬೇಲಿ ತನಕ ಬಂದು, ನಿನ್ನ ಹೆಂಡ್ತಿ ಆರಾಮ ಅದಾಳೇನು ಅಂತ ಕೇಳಿ ಹೋದಾ.”

ನಾನು ಮರಳುವ ಟಿಕೀಟು ಹದಿನೈದು ದಿನ ಮುಂಚೆ ಮಾಡಿಸಲು ಬರುತ್ತದೆಯೇ ಎಂದು ಕೇಳಿದೆ. ಕೇಳಿದ್ದು ನಾನೇ. ಆಮೇಲೆ ಬದುವಿನ ಮೇಲೆ ಕೂತು ಅತ್ತೆ. ಈರಣ್ಣ ಗಾಬರಿಯಾಗಿ, “ಯಾಕಕ್ಕಾ, ಊರು ಬಿಟ್ಟು ಹೋಗಬೇಕಲ್ಲಂತ ಅಳಾಕ ಹತ್ತಿಯೇನು?” ಎಂದ. ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ.